ಯುದ್ಧ ಶುರುವಾದದ್ದು 1939ರಲ್ಲಲ್ಲ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 1ರ ಸಂಚಿಕೆಯ ‘ಇತಿಹಾಸದಲ್ಲಿ ಈ ದಿನ’ ಅಂಕಣದಲ್ಲಿ, 1939ರ ಅದೇ ದಿನ ಹಿಟ್ಲರ್ ಪೋಲೆಂಡಿನ ಮೇಲೆ ಎರಗಿದ್ದರಿಂದ ಎರಡನೆಯ ಮಹಾಯುದ್ಧ ಆರಂಭವಾಯಿತು ಎಂದಿತ್ತು. ತಪ್ಪೇನಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದ ನಾನೂ ಕರಿಹಲಗೆಯ ಮೇಲೆ ಇದೇ ಸಾಲನ್ನು ಬರೆದವನು, ಅದಕ್ಕೆ ಒಂದು ಅಂಕವನ್ನೂ ಕೊಟ್ಟವನು. ಆದರೆ ಆ ಹೊತ್ತಿಗೆ ಚೀನಾದಲ್ಲಿ ಯುದ್ಧ ಹತ್ತಿಕೊಂಡು ಎರಡು ವರ್ಷ ದಾಟಿತ್ತು. ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯಾ, ಆಗಲೇ ಇಟಲಿಯ ವಸಾಹತಾಗಿತ್ತು.

1931ರ ಸೆಪ್ಟೆಂಬರ್ 18ರ ರಾತ್ರಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮುಕ್ಡೆನ್ ಬಳಿ ರೈಲು ಹಳಿಯ ಮೇಲೆ ಸ್ಫೋಟವೊಂದು ನಡೆಯಿತು. ಹಳಿಗಾದ ಹಾನಿ ಎಷ್ಟು ಅಲ್ಪವೆಂದರೆ, ತುಸು ಹೊತ್ತಿನಲ್ಲೇ ಅದೇ ದಾರಿಯಲ್ಲಿ ರೈಲು ಹಾದುಹೋಯಿತು. ಸ್ಫೋಟಿಸಿದವರು ಅಲ್ಲೇ ಬೀಡುಬಿಟ್ಟಿದ್ದ ಜಪಾನಿನ ಕ್ವಾಂಟುಂಗ್ ಸೇನೆಯ ಅಧಿಕಾರಿಗಳು, ದೂರು ಹೊರಿಸಿದ್ದು ಚೀನೀಯರ ಮೇಲೆ. ಟೋಕಿಯೋ ಸರ್ಕಾರವನ್ನೂ ಕೇಳದೆ ಆ ನೆಪದಲ್ಲಿ ಮಂಚೂರಿಯಾವನ್ನೇ ನುಂಗಿದರು. ಮರುವರ್ಷ ಯುವ ನೌಕಾಧಿಕಾರಿಗಳು ಪ್ರಧಾನಿ ಇನುಕಾಯಿಯವರನ್ನು ಅವರ ನಿವಾಸಕ್ಕೇ ನುಗ್ಗಿ ಕೊಂದರು. ಸರ್ವಾಧಿಕಾರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತುಂಡು ಮೀಸೆಯ ಒಬ್ಬ ಮನುಷ್ಯ. ಜಪಾನಿನಲ್ಲಿ ಅದು ಸಮವಸ್ತ್ರ ತೊಟ್ಟ ಒಂದು ಗುಂಪಾಗಿತ್ತು. ಇಂದಿನ ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ವಿಚಾರಣೆಗೆ ಲಾರ್ಡ್ ಲಿಟ್ಟನ್‌ರನ್ನು ಕಳುಹಿಸಿತು (ಹಿಂದೆ ಬಂಗಾಳದ ಗವರ್ನರ್ ಆಗಿದ್ದವರೇ ಇವರು). ವರದಿ ಬರಲು ಒಂದು ವರ್ಷ ಹಿಡಿಯಿತು. 1933ರ ಫೆಬ್ರುವರಿಯಲ್ಲಿ ಜಪಾನನ್ನು ತಪ್ಪಿತಸ್ಥನೆಂದ ನಿರ್ಣಯದ ಪರ 42 ಮತ ಬಿದ್ದವು, ವಿರುದ್ಧ ಒಂದೇ ಒಂದು, ಜಪಾನಿನದು. ಅದರ ಪ್ರತಿನಿಧಿ ಮತ್ಸುವೊಕ ಎದ್ದು ಹೊರನಡೆದ. ಮಂಚೂರಿಯಾ ಮಾತ್ರ ಜಪಾನಿನ ಕೈಯಲ್ಲೇ ಉಳಿಯಿತು.

ಇಟಲಿಯ ಸರ್ವಾಧಿಕಾರಿ ಮುಸೊಲಿನಿಗೆ ಇಷ್ಟು ಸಾಕಾಗಿತ್ತು. 1896ರಲ್ಲಿ ಅಡೋವಾದಲ್ಲಿ ಅಬಿಸೀನಿಯಾದವರಿಂದ ತಿಂದ ಸೋಲು ಇಟಲಿಯವರನ್ನು ಕೊರೆಯುತ್ತಲೇ ಇತ್ತು. 1935ರ ಅಕ್ಟೋಬರ್ 3ರಂದು ಅವನ ಸೇನೆ ಗಡಿ ದಾಟಿತು. ವಿಮಾನಗಳಿಂದ ಬಾಂಬಿನ ಜೊತೆಗೆ ಸಾಸಿವೆ ಅನಿಲವನ್ನೂ ಸುರಿಯಿತು. ಈ ಬಾರಿ ರಾಷ್ಟ್ರಸಂಘ ಆರ್ಥಿಕ ನಿರ್ಬಂಧವನ್ನೇನೋ ಹೇರಿತು, ಆದರೆ ಪಟ್ಟಿಯಲ್ಲಿ ತೈಲ ಇರಲಿಲ್ಲ! ಟ್ಯಾಂಕು, ಲಾರಿ, ವಿಮಾನ ಯಾವುದರ ಬಲದಿಂದ ಓಡುತ್ತವೋ ಅದನ್ನೊಂದನ್ನೇ ಬಿಟ್ಟರು. ಸೈನಿಕರನ್ನು ತುಂಬಿಕೊಂಡ ಇಟಲಿಯ ಹಡಗುಗಳು ಸೂಯೆಜ್ ಕಾಲುವೆಯಲ್ಲಿ ಸುಂಕ ಕಟ್ಟಿ ರಾಜಾರೋಷವಾಗಿ ಸಾಗಿದವು. ತೈಲ ನಿಲ್ಲಿಸಿದ್ದರೆ ವಾರದೊಳಗೆ ಹಿಂದೆ ಸರಿಯಬೇಕಾಗುತ್ತಿತ್ತು ಎಂದು ಮುಸೊಲಿನಿಯೇ ಹಿಟ್ಲರನಿಗೆ ಹೇಳಿದ್ದನ್ನು ಹಿಟ್ಲರನ ದುಭಾಷಿ ಬರೆದಿಟ್ಟಿದ್ದಾನೆ. ಅಮೆರಿಕವು ರಾಷ್ಟ್ರಸಂಘದ ಸದಸ್ಯನಾಗಿರಲಿಲ್ಲ, ಹೇಗೂ ಅದು ತೈಲ ಮಾರುತ್ತಿತ್ತು ಎಂಬ ವಾದವಿದೆ. ನನಗೆ ಅದು ನೆಪವೆಂದೇ ತೋರುತ್ತದೆ. ಬ್ರಿಟನ್, ಫ್ರಾನ್ಸ್‌ಗಳ ಮನಸ್ಸಿನಲ್ಲಿದ್ದದ್ದು ಮುಸೊಲಿನಿಯನ್ನು ಹಿಟ್ಲರನ ವಿರುದ್ಧ ತಮ್ಮ ಕಡೆ ಉಳಿಸಿಕೊಳ್ಳುವ ಲೆಕ್ಕಾಚಾರ. ಕೊನೆಗೆ ಅಬಿಸೀನಿಯಾವೂ ಉಳಿಯಲಿಲ್ಲ, ಮುಸೊಲಿನಿಯೂ ದಕ್ಕಲಿಲ್ಲ.

ಎಲ್ಲರೂ ಆಫ್ರಿಕದತ್ತ ಮುಖ ಮಾಡಿದ್ದಾಗಲೇ, 1936ರ ಮಾರ್ಚ್ 7ರಂದು, ಹಿಟ್ಲರ್ ಒಪ್ಪಂದ ಮುರಿದು, ಸೇನೆ ಇರಿಸುವಂತಿಲ್ಲದ ಜರ್ಮನಿಯ ಗಡಿಪ್ರದೇಶ ರೈನ್‌ಲ್ಯಾಂಡಿಗೆ ಸೇನೆ ನುಗ್ಗಿಸಿದ. ಆಗಲೂ ಯಾರೂ ಕದಲಲಿಲ್ಲ. ಜೂನ್ 30ರಂದು ದೇಶ ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ರಾಷ್ಟ್ರಸಂಘದ ಸಭೆಯಲ್ಲಿ ಅಮ್ಹಾರಿಕ್ ಭಾಷೆಯಲ್ಲಿ ಮಾತನಾಡಲು ನಿಂತಾಗ ಇಟಲಿಯ ಪತ್ರಕರ್ತರು ಸೀಟಿ ಊದಿ ಗದ್ದಲವೆಬ್ಬಿಸಿದರು. ಕೆಲವೇ ದಿನಗಳಲ್ಲಿ ನಿರ್ಬಂಧವನ್ನೂ ತೆಗೆದುಹಾಕಲಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ರೋಮ್ ಮೂಲಕ ಮರಳುತ್ತಿದ್ದ ನೆಹರೂ ಅವರು, ಎಷ್ಟು ಒತ್ತಾಯ ಬಂದರೂ ಮುಸೊಲಿನಿಯನ್ನು ಭೇಟಿಯಾಗಲು ಒಪ್ಪಿರಲಿಲ್ಲ.

ಮುಂದಿನದು ಪಠ್ಯಪುಸ್ತಕದಲ್ಲಿದೆ. ಆಸ್ಟ್ರಿಯಾ ಹೋಯಿತು. ಮ್ಯೂನಿಕ್‌ನಲ್ಲಿ ಜೆಕೊಸ್ಲೊವಾಕಿಯಾವನ್ನು ಕತ್ತರಿಸಿ ಹಂಚಿದ ಮೇಜಿನಲ್ಲಿ ಆ ದೇಶದವರಿಗೇ ಕುರ್ಚಿ ಇರಲಿಲ್ಲ. ಒಂದನ್ನು ಮಾತ್ರ ನಿಮ್ಮ ಅಂಕಣ ಬಿಟ್ಟಿತು: ಪೋಲೆಂಡನ್ನು ಹಂಚಿಕೊಳ್ಳಲು 1939ರ ಆಗಸ್ಟ್‌ನಲ್ಲಿ ಹಿಟ್ಲರನ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡವನು ಸ್ಟಾಲಿನ್. ಸೆಪ್ಟೆಂಬರ್ 17ರಂದು ಪೂರ್ವದಿಂದ ನುಗ್ಗಿದ್ದು ಅವನದೇ ಸೇನೆ.

ಇದೆಲ್ಲ ಯುರೋಪಿನವರ ಜಗಳ, ನಮಗೇನು ಎನ್ನುವವರು ಅಬಿಸೀನಿಯಾದ ನೆರೆಯ ಎರಿಟ್ರಿಯಾದ ಕೆರೆನ್ ಬೆಟ್ಟಗಳನ್ನು ನೆನೆಯಬೇಕು. ವೈಸರಾಯ್ ಲಿನ್‌ಲಿತ್ಗೊ ನಮ್ಮವರ ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದಿದ್ದರು. 1941ರಲ್ಲಿ ಆ ಬೆಟ್ಟಗಳಿಂದ ಇಟಲಿಯವರನ್ನು ಇಳಿಸಲು ವಾರಗಟ್ಟಲೆ ಸೆಣಸಿದವರಲ್ಲಿ 4 ಮತ್ತು 5ನೆಯ ಭಾರತೀಯ ಡಿವಿಷನ್‌ಗಳ ಸಿಪಾಯಿಗಳಿದ್ದರು. ಹೈಲೆ ಸೆಲಾಸಿ ಅಡಿಸ್ ಅಬಾಬಾಕ್ಕೆ ಮರಳಿದ್ದು ಆ ವರ್ಷದ ಮೇ 5ರಂದು. ಐದು ವರ್ಷದ ಹಿಂದೆ ನಗರ ಬಿದ್ದದ್ದೂ ಅದೇ ಮೇ 5. ಸೆರೆಸಿಕ್ಕ ಇಟಲಿಯ ಸೈನಿಕರಲ್ಲಿ ಅನೇಕರನ್ನು ತಂದು ಇರಿಸಿದ್ದು ನಮ್ಮ ಬೆಂಗಳೂರಿನ ಶಿಬಿರಗಳಲ್ಲಿ.

ಸೆಪ್ಟೆಂಬರ್ 18 ಇನ್ನೂ ಬರಬೇಕಿದೆ. ಅಂದಿನ ಅಂಕಣದಲ್ಲಿ ಮುಕ್ಡೆನ್‌ಗೆ ಎರಡು ಸಾಲು ಕೊಡಬೇಕೆಂದು ವಿನಂತಿ.

– ನಿವೃತ್ತ ಇತಿಹಾಸ ಶಿಕ್ಷಕ, ತಿಪಟೂರು