ಅಂಕೋರ್ ಅಂದ್ರೆ ಬರೀ ಗೋಪುರ ಅಲ್ಲ

ಮಾನ್ಯ ಸಂಪಾದಕರೇ,

ಕಾಂಬೋಡಿಯಾದ ಹಳೇ ರಾಜಧಾನಿ, ದೇವಸ್ಥಾನಗಳ ಊರು ಅಂಕೋರ್ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬಂದ್ರೂ ಗೋಪುರದ ಫೋಟೋ, ಮರದ ಬೇರು ಸುತ್ಕೊಂಡಿರೋ ಗೋಡೆ ಇಷ್ಟೇ ಇರುತ್ತೆ, ಆ ದೇವಸ್ಥಾನಗಳ ಸುತ್ತ ಬದುಕಿದ್ದ ಜನರ ಸುದ್ದಿನೇ ಇರಲ್ಲ. ಅಲ್ಲಿ ಆಳ್ತಿದ್ದ ಖಮೇರರ ಕಾಲದಲ್ಲಿ ಕಲ್ಲಿನ ಕಟ್ಟಡ ದೇವರಿಗೆ ಮಾತ್ರ, ಜನರ ಮನೆ ಎಲ್ಲಾ ಮರ, ಹುಲ್ಲಿಂದು, ಹಾಗಾಗಿ ಮಣ್ಣಲ್ಲಿ ಮಣ್ಣಾಗಿ ಹೋದ್ವು. 2012ರಲ್ಲಿ ಹೆಲಿಕಾಪ್ಟರ್‌ನಿಂದ ಲೈಡಾರ್ (ಲೇಸರ್ ಬೆಳಕು ಬಿಟ್ಟು ನೆಲದ ಏರುತಗ್ಗು ಅಳೆಯೋ ವಿಧಾನ) ಸರ್ವೆ ಮಾಡಿ ಕಾಡಿನ ಕೆಳಗಿನ ನೆಲ ಅಳೆದಾಗ ರಸ್ತೆ, ಕಾಲುವೆ, ಮನೆ ಕಟ್ಟೋಕೆ ಎತ್ತರಿಸಿದ್ದ ದಿಬ್ಬ ಎಲ್ಲಾ ಸ್ಪಷ್ಟವಾಗಿ ಕಾಣಿಸ್ತು. ಅಂಕೋರ್ ವಾಟ್ ದೇವಸ್ಥಾನದ ಪ್ರಾಕಾರದ ಒಳಗೇ ಸಾಲು ಸಾಲು ದಿಬ್ಬ, ಪಕ್ಕದಲ್ಲೇ ಸಣ್ಣ ಸಣ್ಣ ಕೊಳ, ಅಗೆದು ನೋಡಿದ್ರೆ ಅಡುಗೆ ಮಡಿಕೆ ಚೂರು! ನನಗಂತೂ ಆ ಚೂರು ಗೋಪುರಕ್ಕಿಂತ ದೊಡ್ಡದು ಅನ್ಸುತ್ತೆ.

ಖಮೇರರ ರಾಜ ಏಳನೇ ಜಯವರ್ಮ ತಾಯಿ ನೆನಪಿಗೆ ಅಂಕೋರ್‌ನಲ್ಲಿ ಕಟ್ಟಿಸಿದ ತಾ ಪ್ರೋಮ್ ದೇವಸ್ಥಾನನೇ ತಗೊಳ್ಳಿ, 1186ರ ಅದರ ಸಂಸ್ಕೃತ ಶಾಸನದಲ್ಲೇ ಆ ಒಂದು ದೇವಸ್ಥಾನ ನಡೆಯೋಕೆ 3,140 ಹಳ್ಳಿ, 79,365 ಜನ ಅಂತ ಲೆಕ್ಕ ಇದೆ. ಅಕ್ಕಿ ಬೆಳೆದೋರು, ಅನ್ನ ಬೇಯಿಸಿದೋರು, ಕುಣಿದೋರು ಎಲ್ಲಾ ಅದರಲ್ಲೇ ಬರ್ತಾರೆ.

ತಾ ಪ್ರೋಮ್ ದುರಸ್ತಿ ಮಾಡ್ತಾ ಬಂದಿರೋದು ನಮ್ಮ ಭಾರತೀಯ ಪುರಾತತ್ವ ಇಲಾಖೆಯೇ. ಇಲಾಖೆಯವರು ಅಲ್ಲಿನ ಅಧಿಕಾರಿಗಳ ಜೊತೆ ಮಾತಾಡಿ ಆ ಹಳ್ಳಿಗಳ ಲೆಕ್ಕ, ಲೈಡಾರ್ ನಕ್ಷೆ ಎರಡನ್ನೂ ಬಾಗಿಲಲ್ಲೇ ಬೋರ್ಡ್ ಮಾಡಿ ಹಾಕಿಸ್ಲಿ, ನೀವೂ ಮುಂದಿನ ಸಲ ಗೋಪುರದ ಫೋಟೋ ಪಕ್ಕ ಆ ನಕ್ಷೆನೂ ಹಾಕಿ.