ಹೊಳೆ ಪಕ್ಕದ ಕೇರಿಗಳನ್ನ ಊರಾಚೆ ಹಾಕೋ ಮೊದ್ಲು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಕಾಲಂನಲ್ಲಿ ಒಬ್ರು, ಶಿವಮೊಗ್ಗದ ತುಂಗಾ ತೀರ ಚೆನ್ನಾಗಿ ಕಾಣ್ಬೇಕು ಅಂದ್ರೆ ಹೊಳೆ ಪಕ್ಕದ ಸ್ಲಂಗಳನ್ನೆಲ್ಲ ಎತ್ತಿ ಊರಾಚೆ ಕಳಿಸ್ಬೇಕು, ಹೆಂಗೂ ಪ್ರತಿ ಮಳೆಗಾಲ ಮುಳುಗ್ತಾರೆ, ಅವ್ರಿಗೂ ಒಳ್ಳೇದು ಊರಿಗೂ ಒಳ್ಳೇದು ಅಂತ ಬರೆದಿದ್ರು. ನಾನು ಗಾಂಧಿ ಬಜಾರಲ್ಲಿ ಸಣ್ಣ ಅಂಗಡಿ ಇಟ್ಕೊಂಡಿರೋನು, ನನ್ನ ಗಿರಾಕಿಗಳಲ್ಲಿ ಅರ್ಧ ಜನ ಆ ಕೇರಿಗಳೋರೇ, ಅದಕ್ಕೆ ಸುಮ್ನಿರಕ್ಕಾಗ್ಲಿಲ್ಲ.

ಮುಳುಗೋ ವಿಷಯಕ್ಕೇ ಬರೋಣ. ನಮ್ಮೂರಿನ ಮೇಲ್ಗಡೆ ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಂ ಅಂದ್ರೆ ಮೂರು ಟಿಎಂಸಿ ಚಿಲ್ಲರೆ ಅಷ್ಟೆ, ಶೃಂಗೇರಿ ತೀರ್ಥಹಳ್ಳಿ ಕಡೆ ಒಂದ್ನಾಕು ದಿನ ಜೋರು ಮಳೆ ಹಿಡಿದ್ರೆ ತುಂಬೋಗುತ್ತೆ, ಆಮೇಲೆ ಬಂದಷ್ಟು ನೀರು ಹೊಳೆಗೆ ಬಿಡದೆ ಬೇರೆ ದಾರಿ ಇಲ್ಲ. ಆಗ ನಾವೆಲ್ಲ ಕೊಡೆ ಹಿಡ್ಕೊಂಡು ಕೋರ್ಪಲಯ್ಯನ ಛತ್ರದ ಹತ್ರ ಮಂಟಪ ಮುಳುಗ್ತಾ ನೋಡಕ್ಕೆ ಹೋಗ್ತೀವಿ, ಅದೇ ಹೊತ್ತಿಗೆ ತಗ್ಗಿನ ಕೇರಿಗಳಲ್ಲಿ ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ಆಧಾರ್ ಕಾರ್ಡು ಅಟ್ಟಕ್ಕೆ ಏರಿಸ್ತಾ ಇರ್ತಾರೆ. 2019ರ ಆಗಸ್ಟಲ್ಲಿ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಂಬಾಡ ಎಲ್ಲಾ ನೀರಲ್ಲಿತ್ತು, ನಿಜ. ಆದ್ರೆ ಅವತ್ತು ವಿದ್ಯಾನಗರದ ಕಡೆನೂ ಒಳ್ಳೊಳ್ಳೆ ತಾರಸಿ ಮನೆಗಳಿಗೆ ನೀರು ನುಗ್ಗಿತ್ತಲ್ಲ, ಅವ್ರನ್ನ ಊರಾಚೆ ಹಾಕಿ ಅಂತ ಯಾರಾದ್ರೂ ಪತ್ರ ಬರೆದ್ರಾ? ಅಲ್ಲಿ ಕೇಳಿದ್ದು ತಡೆಗೋಡೆ, ಚರಂಡಿ, ಪರಿಹಾರ. ಹೊಳೆ ಒಂದೇ, ನೀರೂ ಒಂದೇ, ಮನೆ ಪತ್ರ ಇದ್ದೋರಿಗೊಂದು ಇಲ್ಲದೋರಿಗೊಂದು ಮದ್ದು.

ಊರಾಚೆ ಮನೆ ಕೊಡೋದು ಕೆಟ್ಟದ್ದಲ್ಲ, ಬೇಕು ಅಂತ ಅರ್ಜಿ ಹಾಕಿದೋರಿಗೆ ಕೊಡ್ಲಿ. ಆದ್ರೆ ಬೆಳಿಗ್ಗೆ ಆರಕ್ಕೆ ದುರ್ಗಿಗುಡಿ, ರವೀಂದ್ರನಗರದ ಮನೆಗಳಲ್ಲಿ ಪಾತ್ರೆ ತೊಳಿಯಕ್ಕೆ ಬರೋ ಹೆಂಗಸರು, ಮಾರ್ಕೆಟಲ್ಲಿ ಮೂಟೆ ಹೊರೋ ಹಮಾಲಿಗಳು, ಹೂ ಕಟ್ಟಿ ಮಾರೋ ಅಜ್ಜಿಯರು, ಇವ್ರೆಲ್ಲ ಇಲ್ಲಿ ಇರೋದೇ ನಡ್ಕೊಂಡು ಕೆಲಸಕ್ಕೆ ಹೋಗ್ಬೋದು ಅಂತ. ಊರಾಚೆ ಮೂರನೇ ಮಹಡೀಲಿ ಮನೆ ಕೊಟ್ಟು ದಿನಾ ಆಟೋಗೆ ದುಡ್ಡು ಹಾಕ್ಕೊಳಿ ಅಂದ್ರೆ ಕೂಲಿ ಅರ್ಧ ಅಲ್ಲೇ ಹೋಯ್ತು. ಕೊನೆಗೆ ಆ ಮನೆ ಬಾಡಿಗೆಗೆ ಕೊಟ್ಟು ವಾಪಸ್ ಹೊಳೆ ಪಕ್ಕ ಇನ್ನೊಂದು ಶೀಟ್ ಮನೆ ಹಾಕ್ಕೊಂಡ್ರೆ, ನೋಡಿ ಮನೆ ಕೊಟ್ರೂ ಬುದ್ಧಿ ಇಲ್ಲ ಅಂತ ನಾವೇ ಬೈತೀವಿ.

ಇನ್ನು ಕಾನೂನು. 1973ರ ಕೊಳಚೆ ಪ್ರದೇಶ ಕಾಯ್ದೆ ಪ್ರಕಾರ ಒಂದು ಕೇರಿನ ಸರ್ಕಾರ ಸ್ಲಂ ಅಂತ ನೋಟಿಫಿಕೇಶನ್ ಮಾಡ್ಬೇಕು, ಆಮೇಲೇ ಅದು ಸ್ಲಂ ಬೋರ್ಡಿನ ಲೆಕ್ಕಕ್ಕೆ ಬರೋದು, ಹಕ್ಕುಪತ್ರದ ಮಾತೂ ಆಮೇಲೆ. ಘೋಷಣೆ ಆಗದ ಕೇರಿ ಎಷ್ಟು ವರ್ಷದ್ದಾದ್ರೂ, ವೋಟರ್ ಐಡಿ ಕರೆಂಟ್ ಬಿಲ್ಲು ಎಲ್ಲಾ ಇದ್ರೂ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಈ ಬೋರ್ಡಿಗೆ ಮೊದ್ಲು ಕೊಳಚೆ ನಿರ್ಮೂಲನಾ ಮಂಡಳಿ ಅಂತಿತ್ತು, ಈಗ ಕೊಳಗೇರಿ ಅಭಿವೃದ್ಧಿ ಮಂಡಳಿ, ಆದ್ರೆ ಕೆಲವ್ರ ತಲೇಲಿ ಇನ್ನೂ ಹಳೇ ಬೋರ್ಡೇ ನೇತಾಡ್ತಿದೆ!

ಬೇರೆ ದಾರಿ ಇಲ್ವಾ ಅಂದ್ರೆ ಕಲ್ಕತ್ತಾ ನೋಡಿ. ಅಲ್ಲಿ ಇಂಥ ಕೇರಿಗೆ ಬಸ್ತಿ ಅಂತಾರೆ (ನಮ್ಮ ಕಡೆ ಬಸ್ತಿ ಅಂದ್ರೆ ಹೊಂಬುಜದ ಥರ ಜೈನ ಬಸದಿ, ಗೊಂದಲ ಬೇಡ), ಬ್ರಿಟಿಷರ ಕಾಲದಿಂದ್ಲೇ ಇಂಗ್ಲಿಷ್ ಕಾಗದಪತ್ರಕ್ಕೂ ಅದೇ ಹೆಸರು ಹೋಗಿದೆ. ಆಗ ಜಾಗ ಒಬ್ಬ ಜಮೀನ್ದಾರಂದು, ಅದನ್ನ ಬಾಡಿಗೆಗೆ ಹಿಡ್ದು ಗುಡಿಸಲು ಕಟ್ಟಿಸೋನು ಠೀಕಾ ಟೆನೆಂಟ್, ಒಳಗೆ ರೂಮು ಬಾಡಿಗೆಗೆ ಇರೋರು ಇನ್ಯಾರೋ. 1949ರಲ್ಲೇ ಠೀಕಾ ಟೆನೆಂಟ್‌ಗಳನ್ನ ಮನಸ್ಸಿಗೆ ಬಂದಂಗೆ ಒಕ್ಕಲೆಬ್ಬಿಸಬಾರ್ದು ಅಂತ ಕಾಯ್ದೆ ಬಂತು, 1981ರ ಕಾಯ್ದೇಲಿ ಜಮೀನ್ದಾರನ್ನ ತೆಗೆದು ಜಾಗನೇ ಸರ್ಕಾರದ್ದಾಯ್ತು. ನಡುವೆ 1970ರ ದಶಕದಲ್ಲಿ ಜನರನ್ನ ಇದ್ದಲ್ಲೇ ಬಿಟ್ಟು ನಲ್ಲಿ, ಚರಂಡಿ, ಬೀದಿ ದೀಪ ಹಾಕಿದ್ರು, ಮಲ ಹೊರೋ ಕಕ್ಕಸು ತೆಗೆದು ಸರಿಯಾದ ಟಾಯ್ಲೆಟ್ ಕಟ್ಟಿಸಿದ್ರು. ಸ್ವರ್ಗ ಆಯ್ತು ಅಂತ ಹೇಳಲ್ಲ, ಒಂದೊಂದು ರೂಮಲ್ಲಿ ಇಡೀ ಸಂಸಾರ ಇರೋದು ಈಗ್ಲೂ ಇದೆ. ಆದ್ರೂ ಕಾಯಿಲೆ ಕಸಾಲೆ ಕಮ್ಮಿ ಮಾಡಕ್ಕೆ ಜನರನ್ನೇ ಖಾಲಿ ಮಾಡಿಸ್ಬೇಕಿಲ್ಲ ಅಂತ ಅಲ್ಲಿ ಗೊತ್ತಾಯ್ತು.

1985ರಲ್ಲಿ ಬಾಂಬೆ ಫುಟ್‌ಪಾತ್ ವಾಸಿಗಳ ಕೇಸಲ್ಲಿ, ಅದೇ ಓಲ್ಗಾ ಟೆಲ್ಲಿಸ್ ಕೇಸು, ಸುಪ್ರೀಂ ಕೋರ್ಟು ಹೇಳಿದ್ದೂ ನಾನು ಮೇಲೆ ಹೇಳಿದ ಕೆಲಸದ ಮಾತಿಗೆ ಹತ್ರನೇ, ಹೊಟ್ಟೆಪಾಡು ಬದುಕೋ ಹಕ್ಕಿನ ಭಾಗ ಅಂತ. ತೆಗಿಯಲೇಬಾರ್ದು ಅಂತ ಕೋರ್ಟು ಹೇಳ್ಲಿಲ್ಲ, ನೋಟಿಸ್ ಇಲ್ಲದೆ ಅವ್ರ ಮಾತು ಕೇಳದೆ ತೆಗಿಬಾರ್ದು ಅಂತು.

ನಿಜವಾಗ್ಲೂ ಹೊಳೆ ಪಾತ್ರದಲ್ಲೇ ಇರೋ ಮನೆಗಳನ್ನ ಸ್ಥಳಾಂತರ ಮಾಡ್ಲೇಬೇಕು, ಅದ್ರಲ್ಲಿ ನಂದೇನೂ ತಕರಾರಿಲ್ಲ, ಆದ್ರೆ ಊರೊಳಗೇ ನಡಿಯೋ ದೂರದಲ್ಲಿ ಜಾಗ ಹುಡುಕ್ಲಿ, ಉಳಿದೋರಿಗೆ ಇದ್ದಲ್ಲೇ ಹಕ್ಕುಪತ್ರ ಮತ್ತೆ ಚರಂಡಿ ಕೊಡ್ಲಿ. ನಿಮ್ಮ ಪತ್ರಿಕೇನೂ ಒಂದು ಕೆಲಸ ಮಾಡ್ಬೋದು, ನಮ್ಮೂರಲ್ಲಿ ಯಾವ್ಯಾವ ಕೇರಿ ಘೋಷಣೆ ಆಗಿದೆ, ಯಾವ್ದು ಆಗಿಲ್ಲ, ಯಾರ ಅರ್ಜಿ ಯಾವ ಟೇಬಲ್ ಮೇಲಿದೆ ಅಂತ ಆರ್‌ಟಿಐ ಹಾಕಿ ಪಟ್ಟಿ ತರ್ಸಿ ಪ್ರಿಂಟ್ ಮಾಡಿ, ಮುಂದಿನ ಮಳೆಗಾಲಕ್ಕೆ ಮುಂಚೆ.

ಒಬ್ಬ ಓದುಗ, ಗಾಂಧಿ ಬಜಾರ್, ಶಿವಮೊಗ್ಗ