ಮೊದಲು ನಿನಗಾಗಿ ಕಾಯುವ ಆಟ ಆಡು

ಪ್ರೀತಿಯ ಶರಣು,

ನಿನ್ನ ಮೆಸೇಜ್ ಓದಿದೆ. ಮಗಳ ಜೊತೆ ಕೂತು ವಿಡಿಯೋ ಗೇಮ್ ಆಡಬೇಕು ಅಂತ ಆಸೆ, ಆದರೆ ಈ ವಯಸ್ಸಲ್ಲಿ ಕೈ ಓಡಲ್ಲ ಅಂತ ಬರೆದಿದ್ದೀಯ. ಅವಳು ಆಡುವ ಗುಂಡು ಹಾರಿಸುವ ಆಟವನ್ನೇ ನೀನೂ ಹಿಡಿದೆಯಂತೆ. ಒಂದು ನಿಮಿಷ ಆಗುವ ಮೊದಲೇ ಸತ್ತೆ, ಗುಂಡು ಯಾವ ಕಡೆಯಿಂದ ಬಂತು ಅನ್ನುವುದೂ ತಿಳಿಯಲಿಲ್ಲ. ದೋಸ್ತ, ಅದಕ್ಕೆ ವಯಸ್ಸು ಕಾರಣ ಅಲ್ಲ. ಹತ್ತಾರು ವರ್ಷ ಆಡಿದವರಿಗಾಗಿ ಮಾಡಿದ ಆಟವನ್ನು ನೀನು ಮೊದಲ ದಿನವೇ ಹಿಡಿದೆ, ಅಷ್ಟೇ. ಇದೇ ಪ್ರಶ್ನೆಯನ್ನು ನನಗೆ ಬೇರೆಯವರೂ ಕೇಳಿದ್ದಾರೆ. ಹಾಗಾಗಿ ಎಲ್ಲರೂ ಓದುವಂತೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕಲಿಯುವುದಕ್ಕೆ ಈಗ ಒಳ್ಳೆ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಊಟ ಆದ ಮೇಲೆ ಯಾದಗಿರಿ ಬಿಸಿಲಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಮಗಳಿಗೂ ರಜೆ. ಫ್ಯಾನ್ ಕೆಳಗೆ ಇಬ್ಬರೂ ಕೂತುಕೊಳ್ಳಿ.

ಹೊಸಬರಿಗೆ ಆಟ ಹೇಳು ಅಂದರೆ ಎಲ್ಲರೂ ಸುಲಭದ್ದು ಯಾವುದು ಅಂತ ಹುಡುಕುತ್ತಾರೆ. ನಾನು ಹಾಗೆ ಹುಡುಕಲ್ಲ. ನೀನು ಚೆಸ್ ಆಡುವವನು. ತಲೆಗೆ ಕೆಲಸ ಇಲ್ಲದ ಆಟ ನಿನಗೆ ಎರಡನೇ ದಿನವೇ ಬೇಜಾರಾಗುತ್ತದೆ. ನಾನು ನೋಡುವುದು ಬೇರೆ. ಆಟದ ನಡುವೆ ಕೈ ತೆಗೆದು ಸುಮ್ನೆ ಕೂತರೆ ಏನಾಗುತ್ತದೆ? ಯಾರಾದರೂ ಬಂದು ಸಾಯಿಸುತ್ತಾರೋ, ಅಥವಾ ಆಟ ನನಗಾಗಿ ಕಾಯುತ್ತದೋ? ಕಾಯುವ ಆಟದಲ್ಲಿ ಬಟನ್ ಎಲ್ಲಿದೆ ಅಂತ ಕೆಳಗೆ ನೋಡಬಹುದು. ಪರದೆಯ ಮೇಲಿರುವುದನ್ನು ನಿಧಾನವಾಗಿ ಓದಬಹುದು. ಬಾಗಿಲು ಬಡಿದರೆ ಎದ್ದು ಹೋಗಿ ಬರಬಹುದು. ಆಟ ಕಷ್ಟ ಇರಲಿ, ಪರವಾಗಿಲ್ಲ. ಅವಸರ ಮಾಡಿಸಬಾರದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಳಬರು ಹೇಳದೇ ಬಿಡುವ ಸಂಗತಿಗಳು ಭಾಳ ಇವೆ. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಅವ್ವನನ್ನು ಹೇಗೆ ಬಡಿಯುತ್ತೀ ಅಂತ ಕೇಳಿದರೆ ಬಾಯಲ್ಲಿ ಹೇಳಲು ಬರಲ್ಲ, ಕೈಗೆ ಮಾತ್ರ ಗೊತ್ತು. ಚಿಕ್ಕಂದಿನಿಂದ ಆಡಿದವರ ಕಥೆಯೂ ಹಾಗೇ. ಪರದೆಯ ಅಂಚು ಕೆಂಪಾದರೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಮೂಲೆಯಲ್ಲಿರುವ ಹೃದಯದ ಚಿತ್ರ ಅಂದರೆ ಉಳಿದಿರುವ ಜೀವ. ಹೊಳೆಯುವ ವಸ್ತು ಕಂಡರೆ ಎತ್ತಿಕೊಳ್ಳಬಹುದು. ಕೆಂಪು ಪೀಪಾಯಿಗೆ ಗುಂಡು ಹೊಡೆದರೆ ಸಿಡಿಯುತ್ತದೆ. ಒಂದು ಬಟನ್ ಒತ್ತಿ ಬಿಡುವುದು ಬೇರೆ, ಒತ್ತಿ ಹಿಡಿಯುವುದು ಬೇರೆ. ಇದನ್ನೆಲ್ಲ ಯಾರೂ ನಿನಗೆ ಹೇಳಿಲ್ಲ. ನಿನ್ನ ಮಗಳಿಗೆ ಇದು ಕಲಿತ ವಿಷಯ ಅಂತಲೇ ಅನಿಸುವುದಿಲ್ಲ. ಹಾಗಾಗಿ ಅವಳು "ಅಪ್ಪಾ, ಅಷ್ಟೂ ಗೊತ್ತಾಗಲ್ವಾ" ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಒಳ್ಳೆ ಆಟ ಇದನ್ನು ತಾನೇ ಕಲಿಸುತ್ತದೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಪರದೆಯನ್ನು ಒಮ್ಮೆ ನೋಡು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಜಪಾನಿನ ಶಿಗೆರು ಮಿಯಾಮೊಟೊ. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಎಲ್ಲ ಖಾಲಿ. ಅಂದರೆ ಬಲಕ್ಕೆ ಹೋಗಬೇಕು. ಒಂದು ಪುಟ್ಟ ಪ್ರಾಣಿ ಎದುರಿಗೆ ಬರುತ್ತದೆ. ಮುಟ್ಟಿದರೆ ಸಾಯುತ್ತೀಯ, ಆದರೆ ಆಟ ಈಗಷ್ಟೇ ಶುರುವಾಗಿದ್ದರಿಂದ ಕಳೆದುಕೊಳ್ಳುವುದು ಏನೂ ಇರಲ್ಲ. ಪ್ರಶ್ನೆ ಚಿಹ್ನೆ ಇರುವ ಇಟ್ಟಿಗೆಗೆ ತಲೆ ತಾಗಿಸಿದರೆ ಅಣಬೆ ಬರುತ್ತದೆ. ಅದು ಮುಂದೆ ಉರುಳಿ, ಕೊಳವೆಗೆ ಬಡಿದು ನಿನ್ನ ಕಡೆಗೇ ತಿರುಗುತ್ತದೆ. ತಪ್ಪಿಸಿಕೊಳ್ಳಲು ನೋಡಿದರೂ ಸಾಮಾನ್ಯವಾಗಿ ಬಂದು ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಅಂತ ಒಂದು ಅಕ್ಷರ ಬರೆಯದೆ ಹೇಳಿಬಿಟ್ಟರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೂ ನಿನಗೆ ಮೊದಲ ಆಟವಾಗಿ ಮಾರಿಯೋ ಹೇಳಲ್ಲ. ಓಡುತ್ತಾ ಜಿಗಿಯುವುದಕ್ಕೆ ಬೆರಳು ಪಳಗಬೇಕು.

ಇನ್ನೊಂದು ದೊಡ್ಡ ತೊಡಕು ಕ್ಯಾಮೆರಾ, ಅಂದರೆ ಆಟದ ಲೋಕವನ್ನು ನಮಗೆ ತೋರಿಸುವ ಕಣ್ಣು. ಈಗಿನ ದೊಡ್ಡ ಆಟಗಳಲ್ಲಿ, ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಎಡಗಡೆಯ ಪುಟ್ಟ ಕಡ್ಡಿಯಿಂದ ನಡೆಯಬೇಕು, ಬಲಗಡೆಯ ಕಡ್ಡಿಯಿಂದ ಸುತ್ತ ನೋಡಬೇಕು. ಎರಡೂ ಒಟ್ಟಿಗೆ. ಹೊಸಬರು ನಿಲ್ಲುತ್ತಾರೆ, ತಿರುಗುತ್ತಾರೆ, ಆಮೇಲೆ ನಡೆಯುತ್ತಾರೆ. ಅಷ್ಟರಲ್ಲಿ ಕ್ಯಾಮೆರಾ ಆಕಾಶ ನೋಡುತ್ತಿರುತ್ತದೆ, ಇಲ್ಲ ನೆಲ ನೋಡುತ್ತಿರುತ್ತದೆ. ಕೆಲವರಿಗೆ ತಲೆ ಸುತ್ತಿ ವಾಂತಿ ಬಂದಂತೆಯೂ ಆಗುತ್ತದೆ. ಹಾಗಾದರೆ ತಕ್ಷಣ ನಿಲ್ಲಿಸು, ಹಠ ಮಾಡಬೇಡ. ಕೋಣೆಯಲ್ಲಿ ದೀಪ ಹಾಕಿಕೊಂಡು, ಪರದೆಯಿಂದ ದೂರ ಕೂತರೆ ಸ್ವಲ್ಪ ಕಡಿಮೆಯಾಗುತ್ತದೆ. ಶುರುವಿನಲ್ಲಿ ಕ್ಯಾಮೆರಾ ನೀನು ತಿರುಗಿಸಬೇಕಿಲ್ಲದ ಆಟಗಳೇ ಇರಲಿ.

ಹಾಗೆ ನೋಡಿದರೆ ನಿನಗೆ ಮೊದಲನೆಯದು ಮಾನ್ಯುಮೆಂಟ್ ವ್ಯಾಲಿ. 2014ರಲ್ಲಿ ಲಂಡನ್ನಿನ ಅಸ್ಟೂ ತಂಡ ಮಾಡಿದ್ದು, ಫೋನಿನಲ್ಲೇ ಆಡಬಹುದು. ಇಡಾ ಅನ್ನುವ ಪುಟ್ಟ ರಾಜಕುಮಾರಿಯನ್ನು ಕಟ್ಟಡಗಳ ಮೇಲೆ ನಡೆಸಿಕೊಂಡು ಹೋಗಬೇಕು. ಒಂದು ಗೋಪುರವನ್ನು ಬೆರಳಿಂದ ತಿರುಗಿಸಿದರೆ, ದೂರ ಇದ್ದ ಎರಡು ಮೆಟ್ಟಿಲು ಒಂದಕ್ಕೊಂದು ಕೂಡಿದಂತೆ ಕಾಣುತ್ತವೆ. ಕಂಡರೆ ಸಾಕು, ಅವಳು ನಡೆದು ದಾಟುತ್ತಾಳೆ. ನಿಜವಾದ ಕಟ್ಟಡದಲ್ಲಿ ಅದು ಸಾಧ್ಯವೇ ಇಲ್ಲ. ಟೈಮರ್ ಇಲ್ಲ, ಸಾವು ಇಲ್ಲ. ಕಾಗೆಗಳು ಅಡ್ಡ ಬರುತ್ತವೆ, ಅಷ್ಟೇ. ಓದುವುದೂ ಕಡಿಮೆ. ಹತ್ತು ಅಧ್ಯಾಯ ಮುಗಿಸಲು ಎರಡು ಮಧ್ಯಾಹ್ನ ಸಾಕು. ಇದನ್ನೇ ಹೇಳಲು ಇನ್ನೊಂದು ಕಾರಣ ಇದೆ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಹೋದಾಗ ಕಮಾನಿನ ಆಚೆ ಕಮಾನು ನೋಡುತ್ತಾ ನೀನು ಅಲ್ಲಿಂದ ಏಳಲೇ ಇಲ್ಲ. ಕಟ್ಟಡ ಕಂಡರೆ ಹಾಗೆ ನಿಲ್ಲುವವನಿಗೆ ಈ ಆಟ ಹಿಡಿಸದೇ ಇರಲ್ಲ. ಹೊಸಬರಿಗೆ ಆಟ ಆರಿಸುವಾಗ ನಾನು ಮೊದಲು ಕೇಳುವುದೂ ಇದನ್ನೇ: ಆಟದ ಹೊರಗೆ ನಿನಗೆ ಏನು ಇಷ್ಟ?

ಎರಡನೆಯದು ಸ್ಟಾರ್‌ಡ್ಯೂ ವ್ಯಾಲಿ. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನೀನು ಇದರಲ್ಲೇ ಉಳಿಯುತ್ತೀಯ ಅಂತ ನನ್ನ ನಂಬಿಕೆ. 2016ರಲ್ಲಿ ಬಂತು. ಎರಿಕ್ ಬರೋನ್ ಅನ್ನುವ ಅಮೆರಿಕದ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲವನ್ನೂ ವರ್ಷಗಟ್ಟಲೆ ಕೂತು ಮಾಡಿದ. ಅಜ್ಜ ಬಿಟ್ಟು ಹೋದ ಹೊಲ ನಿನ್ನ ಪಾಲಿಗೆ ಬರುತ್ತದೆ. ಕಲ್ಲು, ಕಸ, ಗಿಡಗಂಟಿ ತುಂಬಿದ ಹೊಲ. ಶುರುವಿನಲ್ಲಿ ಕೈಗೆ ಹದಿನೈದು ಬೀಜ ಕೊಡುತ್ತಾರೆ. ಅಗೆದು, ಬಿತ್ತಿ, ನೀರು ಹಾಕಿ, ಬೆಳೆ ಮಾರಿ, ಮತ್ತೆ ಬೀಜ ತರಬೇಕು. ವರ್ಷಕ್ಕೆ ನಾಲ್ಕು ಋತು, ಒಂದೊಂದಕ್ಕೆ 28 ದಿನ. ಋತು ಬದಲಾದರೆ ಹಳೆ ಋತುವಿನ ಬೆಳೆ ಒಣಗಿ ಹೋಗುತ್ತದೆ. ಗೋವಿನಜೋಳದಂಥ ಕೆಲವು ಬೆಳೆ ಮಾತ್ರ ಬೇಸಿಗೆಯಲ್ಲಿ ಬಿತ್ತಿದರೆ ಮುಂದಿನ ಋತುವಿನಲ್ಲೂ ಉಳಿಯುತ್ತವೆ. ತೊಗರಿ ಇಲ್ಲ, ಅದೊಂದೇ ಕೊರತೆ! ನೀನು ಅಪ್ಪನ ಜೊತೆ ಹೊಲದಲ್ಲಿ ಬೆಳೆದವನು. ಯಾವುದನ್ನು ಯಾವಾಗ ಹಾಕಬೇಕು, ಕೈಲಿರುವ ದುಡ್ಡನ್ನೆಲ್ಲ ಬೀಜಕ್ಕೆ ಸುರಿಯಬೇಕೋ ಬೇಡವೋ ಅನ್ನುವ ಲೆಕ್ಕ ನಿನಗೆ ಯಾರೂ ಕಲಿಸಬೇಕಿಲ್ಲ. ಅಲ್ಲಿ ಮಗಳಿಗಿಂತ ನೀನೇ ಮುಂದಿರುತ್ತೀಯ.

ಇದರಲ್ಲಿ ದಿನ ಬೇಗ ಓಡುತ್ತದೆ, ಆಟದ ಗಡಿಯಾರದಲ್ಲಿ ರಾತ್ರಿ 2ರೊಳಗೆ ಮಲಗದಿದ್ದರೆ ಮೂರ್ಛೆ ಬೀಳುತ್ತೀಯ. ಹೊಸಬರು ಅದಕ್ಕೆ ಗಾಬರಿ ಆಗುತ್ತಾರೆ. ಗಾಬರಿ ಬೇಡ. ಹೋದರೆ ಸ್ವಲ್ಪ ದುಡ್ಡು ಹೋಗುತ್ತದೆ, ಬೆಳಿಗ್ಗೆ ಮತ್ತೆ ಏಳುತ್ತೀಯ. ಮೀನು ಹಿಡಿಯುವುದು ಮಾತ್ರ ಮೊದಮೊದಲು ಸಿಟ್ಟು ಬರಿಸುತ್ತದೆ. ಮೀನಿನಂಗಡಿಯಲ್ಲಿ ಕಲಿಯುವವರ ಗಾಳ ಅಂತ 25 ನಾಣ್ಯಕ್ಕೆ ಸಿಗುತ್ತದೆ, ಅದನ್ನು ತಗೋ. ಇನ್ನೊಂದು ಮಾತು: ಕಂಪ್ಯೂಟರಿನಲ್ಲಿ ಇದು ಹಾಸಿಗೆಗೆ ಹೋಗಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೆ ಆ ದಿನದ ಕೆಲಸವೆಲ್ಲ ಹೋದಂತೆ. ಬೇಸಿಗೆಯಲ್ಲಿ ಬ್ಯಾಟರಿ ತುಂಬಿಸಿಕೊಂಡೇ ಕೂತುಕೋ.

ನಿನ್ನ ಮನೆಯ ಮಾಮೂಲಿ ಲ್ಯಾಪ್‌ಟಾಪ್ ಇದಕ್ಕೆ ಸಾಕು. ಹೊಸ ಯಂತ್ರ ಕೊಳ್ಳಬೇಡ. ಕಂಟ್ರೋಲರ್ ಇಲ್ಲ ಅಂತಲೂ ಚಿಂತೆ ಮಾಡಬೇಡ. ಆಫೀಸಿನಲ್ಲಿ ದಿನವಿಡೀ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವನು ನೀನು, ಕೀಬೋರ್ಡ್ ನೋಡದೇ ಬೆರಳು ಓಡುತ್ತದೆ. ಕಂಟ್ರೋಲರ್ ಮೇಲೆ ಕಂಪನಿಗೊಂದು ಥರ ಬಟನ್ ಇರುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ 'ಎ' ಇರುವ ಜಾಗದಲ್ಲಿ ನಿಂಟೆಂಡೊದಲ್ಲಿ 'ಬಿ' ಇರುತ್ತದೆ, ಪ್ಲೇಸ್ಟೇಷನ್‌ನಲ್ಲಿ ಅಕ್ಷರದ ಬದಲು ಆಕಾರಗಳು. ಆ ಗೊಂದಲ ನಿನಗೆ ಈಗಲೇ ಬೇಕಾಗಿಲ್ಲ.

ಮಗಳ ಜೊತೆ ಆಡಲು ಮೈನ್‌ಕ್ರಾಫ್ಟ್ ಕೂಡ ಒಳ್ಳೆಯದು. ಚೌಕ ಚೌಕದ ತುಂಡುಗಳನ್ನು ಅಗೆದು ತಂದು, ಜೋಡಿಸಿ ಬೇಕಾದ್ದನ್ನು ಕಟ್ಟುವ ಆಟ. ಹೇಗೂ ಅವಳ ಹತ್ತಿರ ಇದೆ ಅಂದಿದ್ದೀಯ. ಇಲ್ಲಿ ಕ್ಯಾಮೆರಾ ನೀನೇ ತಿರುಗಿಸಬೇಕು, ಅದು ಖರೆ. ಆದರೆ ಪೀಸ್‌ಫುಲ್ ಅಂತ ಆರಿಸಿದರೆ ರಾತ್ರಿ ಬಂದು ಕಾಡುವ ಪ್ರಾಣಿಗಳು ಇರಲ್ಲ, ನೀನು ಗಂಟೆಗಟ್ಟಲೆ ತಿರುಗಾಡಿ ಕೈ ಪಳಗಿಸಬಹುದು. ಅವಳು ಮನೆ ಕಟ್ಟಲಿ, ನೀನು ಕಲ್ಲು ತಂದುಕೊಡು. ಕಂಪ್ಯೂಟರಿನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಆಡುವವರೇ ಸೇರಿ ಅನುವಾದ ಮಾಡಿದ್ದು. ಒಮ್ಮೆ ಹಾಕಿ ನೋಡು. ಆಟಗಳಲ್ಲಿ ನಮ್ಮ ಭಾಷೆ ಇಷ್ಟು ಕಡಿಮೆ ಇರುವುದು ನನಗೆ ಭಾಳ ಬೇಸರದ ಸಂಗತಿ. ಇಂಗ್ಲಿಷ್ ಬರದ ನಮ್ಮೂರಿನ ಎಷ್ಟೋ ಜನ ಬಾಗಿಲಲ್ಲೇ ನಿಂತುಬಿಡುತ್ತಾರೆ. ಅವರಿಗೂ ಆಟ ಹೇಳುವಾಗ ಮಾತು ಕಡಿಮೆ ಇರುವುದನ್ನೇ ಮೊದಲು ಆರಿಸಬೇಕು.

ವೈನಿಯವರೂ ಜೊತೆಗೆ ಕೂರುತ್ತಾರೆ ಅಂದರೆ ವೆಂಬಾ ಹಾಕು. 2023ರದ್ದು, ಕೆನಡಾಗೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ. ಹರಿದು ಮಸುಕಾದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ, ಪುಟ್ಟು ಮಾಡಬೇಕು, ಕಾಣದ ಸಾಲುಗಳನ್ನು ನೀವೇ ಊಹಿಸಬೇಕು. ಅವರಿಗೆ ಅದು ನಿನಗಿಂತ ಬೇಗ ಹೊಳೆಯುತ್ತದೆ. ಒಂದೇ ಸಂಜೆಯಲ್ಲಿ ಮುಗಿಯುತ್ತದೆ.

ಇವೆಲ್ಲ ಆದ ಮೇಲೆ, ಕ್ಯಾಮೆರಾ ಕೈಗೆ ಬಂದ ಮೇಲೆ, 2007ರ ಪೋರ್ಟಲ್ ಆಡು. ಗೋಡೆಗೆ ಎರಡು ತೂತು ಮಾಡಿ ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವ ಆಟ. ಒಂದೊಂದು ಕೋಣೆ ಒಂದೊಂದೇ ಪಾಠ ಕಲಿಸುತ್ತದೆ. ಚೆಸ್ ಆಡುವ ತಲೆಗೆ ಅದು ಹಬ್ಬ.

ಈಗ ದುಡ್ಡಿನ ಮಾತು. ಫೋನಿನಲ್ಲಿ ಪುಕ್ಕಟೆ ಸಿಗುವ ಆಟಗಳನ್ನು ನೋಡಿ ಕಾಯುವ ಆಟ ಅಂತ ತಿಳಿಯಬೇಡ. ಅವುಗಳಲ್ಲಿ ಎಷ್ಟೋ ನಿನ್ನನ್ನು ಕಾಯಿಸುತ್ತವೆ. ಐದು ಸಲ ಸೋತರೆ ಅರ್ಧ ಗಂಟೆ ನಿಲ್ಲು, ಇಲ್ಲ ದುಡ್ಡು ಕೊಡು ಅನ್ನುತ್ತವೆ. ಅದಕ್ಕಿಂತ ಒಮ್ಮೆ ದುಡ್ಡು ಕೊಟ್ಟು ಪೂರ್ತಿ ಆಟ ತಗೊಳ್ಳುವುದೇ ಮೇಲು. ಪ್ಲೇಸ್ಟೋರಿನಲ್ಲಿ ಆಟದ ಹೆಸರಿನ ಹತ್ತಿರ ಇನ್-ಆ್ಯಪ್ ಪರ್ಚೇಸಸ್ (ಆಟದ ಒಳಗೆ ಮತ್ತೆ ದುಡ್ಡು ಕೇಳುವುದು) ಅಂತ ಇದೆಯಾ ನೋಡು, ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡು. ಮಗಳ ಕೈಗೆ ಫೋನ್ ಹೋಗುತ್ತದಲ್ವಾ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ 2025ರ ಕಾನೂನು ನಿಷೇಧಿಸಿದೆ, ಯಾರು ಲಿಂಕ್ ಕಳಿಸಿದರೂ ಮುಟ್ಟಬೇಡ. ಕಂಪ್ಯೂಟರ್ ಆಟಗಳನ್ನು ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ತಗೋ. ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಡಿಸಲಿಲ್ಲ ಅಂತ ದುಡ್ಡು ವಾಪಸ್ ಕೇಳಬಹುದು. ಹೊಸಬನಿಗೆ ಇದು ದೊಡ್ಡ ಅನುಕೂಲ. ಸಂಕೋಚ ಬೇಡ, ಹಿಡಿಸದಿದ್ದರೆ ವಾಪಸ್ ಮಾಡು.

ಯಾವುದೇ ಆಟ ಶುರುವಿನಲ್ಲಿ ಈಸಿ, ನಾರ್ಮಲ್, ಹಾರ್ಡ್ ಅಂತ ಕೇಳಿದರೆ ಈಸಿ ಒತ್ತು. ಯೋಚಿಸಬೇಡ. 2018ರ ಸೆಲೆಸ್ಟ್ ಅನ್ನುವ ಆಟ ಭಾಳ ಕಷ್ಟದ್ದು ಅಂತ ಹೆಸರು ಮಾಡಿದೆ, ಅದರಲ್ಲೂ ಆಟದ ವೇಗ ತಗ್ಗಿಸಿಕೊಳ್ಳುವ, ಬೇಕಾದರೆ ಸಾಯದೇ ಆಡುವ ಅವಕಾಶವನ್ನು ಮಾಡಿದವರೇ ಇಟ್ಟಿದ್ದಾರೆ. ಅಕ್ಷರ ಚಿಕ್ಕದು ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡುವ ದಾರಿ ಇದೆಯಾ ನೋಡು. ಮಗಳಿಗೆ ಒಂದು ಮಾತು ಹೇಳಿಬಿಡು: ನೀನು ಸಿಕ್ಕಿಹಾಕಿಕೊಂಡಾಗ ಬಾಯಲ್ಲಿ ಹೇಳಬಹುದು, ಕೈಯಿಂದ ಕಿತ್ತುಕೊಂಡು ತಾನೇ ಆಡಬಾರದು. ಹೊಸಬರು ಆಟ ಬಿಟ್ಟುಬಿಡುವುದು ಹೆಚ್ಚಾಗಿ ಅಲ್ಲಿಯೇ.

ಮಾನ್ಯುಮೆಂಟ್ ವ್ಯಾಲಿಯನ್ನು ಈ ವಾರ ಫೋನಿಗೆ ಹಾಕಿಕೋ. ಸ್ಟಾರ್‌ಡ್ಯೂವನ್ನು ನೀವಿಬ್ಬರೂ ಒಂದೇ ಲ್ಯಾಪ್‌ಟಾಪಿನಲ್ಲಿ, ಪರದೆ ಎರಡು ಭಾಗ ಮಾಡಿಕೊಂಡು ಆಡಬಹುದು, ಅದಕ್ಕೆ ಎರಡನೆಯವರಿಗೆ ಕಂಟ್ರೋಲರ್ ಬೇಕು. ನನ್ನ ಹತ್ತಿರ ಹೆಚ್ಚುವರಿ ಒಂದಿದೆ. ಮುಂದಿನ ಸಲ ಕಲಬುರಗಿಗೆ ಬಂದಾಗ ತಗೊಂಡು ಹೋಗು, ಮಗಳನ್ನೂ ಕರೆದುಕೊಂಡು ಬಾ. ಕಂಟ್ರೋಲರ್ ಅವಳಿಗಿರಲಿ, ಕೀಬೋರ್ಡ್ ನಿನಗಿರಲಿ. ಹೊಲಕ್ಕೆ ಏನು ಹೆಸರಿಟ್ಟೆ ಅಂತ ಬರೆಯುವುದು ಮರೀಬೇಡ.

ವೈನಿಯವರಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ
ಕಲಬುರಗಿ